ಹಗುರ ಹೆರಿಗೆ

ಬೆಕ್ಕಿನ ಮರಿಯೇ ಇರಬೇಕು, ಮಂಚದ ಕೆಳಗೆ ಚೀಲಗಳ ಸಂದಿಯಲ್ಲಿ ಎಲ್ಲೋ ಹೊಕ್ಕು ಕೂತಿದೆ, ತಾಯಿ ಬಿಟ್ಟುಹೋದದ್ದು, ಎಂದುಕೊಂಡು ಗಾದೆಮ್ಮ ಆಸ್ಪತ್ರೆಯ ಗೋಡೆಗೆ ಒರಗಿ ಕೂತಲ್ಲಿಂದ ಕಣ್ಣು ಮುಚ್ಚಿಕೊಂಡೇ ಕೈ ಚಾಚಿ ತಡಕಾಡಿದಳು, ಸಿಕ್ಕಿದ್ದು ಸೊಸೆ ದುರ್ಗಾಳ ಚಪ್ಪಲಿ, ನೀರಿನ ಬಾಟಲಿ, ಮಗ ಅಂಜಿನಿ ಈಗಷ್ಟೇ ತಂದಿಟ್ಟು ಹೋದ ರೊಟ್ಟಿಯ ಗಂಟು, ಅಷ್ಟರಲ್ಲಿ ಮತ್ತೆ ಅದೇ ಸದ್ದು, ಮಿಯಾಂವ್ ಎಂದೂ ಅಲ್ಲ, ಉಂಗಾ ಎಂದೂ ಅಲ್ಲ, ಎರಡರ ನಡುವೆ ನೂಲಿನ ಹಾಗೆ ಹೊರಟು ಅರ್ಧಕ್ಕೆ ಕಡಿದುಹೋಗುವ ಸದ್ದು, ಅದು ಬಂದದ್ದು ಕೆಳಗಿನಿಂದಲ್ಲ, ಮೇಲಿನಿಂದ — ಆಗ ಪೂರ್ತಿ ಎಚ್ಚರವಾಯಿತು, ಮರಿ ಅಲ್ಲ, ಮೊಮ್ಮಗಳು, ನಿನ್ನೆ ಮಧ್ಯಾಹ್ನ ಹುಟ್ಟಿದ್ದು, ದುರ್ಗಾಳ ಎದೆಗೆ ಬರಿಮೈಯಲ್ಲಿ ಅಂಟಿಸಿ ಮೇಲೆ ಸೀರೆಯ ತುಂಡು ಸುತ್ತಿ ಕಟ್ಟಿದ್ದಾರೆ, ಹೊರಗೆ ಕಾಣುವುದು ಟೋಪಿ ಹಾಕಿದ ತಲೆಯೊಂದೇ, ಅದೂ ಎಷ್ಟು, ಒಂದು ದೊಡ್ಡ ನಿಂಬೆಹಣ್ಣು ಎನ್ನಬೇಕೋ ಸಣ್ಣ ದಾಳಿಂಬೆ ಎನ್ನಬೇಕೋ. ಗಾದೆಮ್ಮನ ತುಟಿಗಳು ತಮ್ಮಷ್ಟಕ್ಕೆ ತಾವೇ ಮುಂದಕ್ಕೆ ಚಾಚಿದವು, ಆ ಸದ್ದನ್ನು ಹಿಡಿಯಲು ನೋಡಿದಳು, ಬರಲಿಲ್ಲ, ಮೊದಲ ಸಲ ಒಂದು ಸದ್ದು ಅವಳಿಗೆ ಬರಲಿಲ್ಲ, ಗುಡೇಕೋಟೆ ಗುಡ್ಡದ ನವಿಲಿನ ಕೂಗು ಬರುತ್ತದೆ, ಶೇಂಗಾ ಹೊಲಕ್ಕೆ ಇಳಿಯುವ ಕರಡಿಯ ಗೊರಗೊರ ಬರುತ್ತದೆ, ರೇಷನ್ ಅಂಗಡಿ ನಾಗೇಂದ್ರಪ್ಪ ಮೂಗಿನಲ್ಲಿ ಸರ್ವರ್ ಇಲ್ಲಮ್ಮೋ ನಾಳಿ ಬಾ ಎನ್ನುವುದು ಎಷ್ಟು ಚೆನ್ನಾಗಿ ಬರುತ್ತದೆಂದರೆ ಒಮ್ಮೆ ಅವಳು ಗೋಡೆಯ ಆಚೆಯಿಂದ ಹಾಗೆಂದದ್ದಕ್ಕೆ ಸಾಲಿನಲ್ಲಿ ನಿಂತವರೆಲ್ಲ ಚೀಲ ಮಡಚಿಕೊಂಡು ಮನೆಗೆ ಹೋಗಿದ್ದರು, ಊರಿನ ಮಾಸ್ತರು ಹೇಳುತ್ತಿದ್ದರಲ್ಲ, ಹೆಸರು ಗಾದೆಮ್ಮ, ಬಾಯಿಯಲ್ಲಿ ಒಂದು ಗಾದೆ ಇಲ್ಲ, ಬಾಯಿ ತುಂಬ ಬೇರೆಯವರ ಬಾಯಿ — ಆದರೆ ಈ ಕೂಸಿನ ಸದ್ದಿಗೆ ಬೇಕಾದದ್ದು ಎಷ್ಟು ಕಡಿಮೆ ಉಸಿರು ಎಂದರೆ, ಅಷ್ಟು ಕಡಿಮೆ ಉಸಿರಿನಲ್ಲಿ ಯಾರಾದರೂ ಹೇಗೆ ಅಳುತ್ತಾರೆ.

ಅಳಲಿ ಬಿಡು, ಅತ್ತರೆ ಒಳ್ಳೆಯದು, ಅಳದೆ ಬರೀ ತೂಕಡಿಸಿದರೆ ಹೇಳಬೇಕು ಎಂದಿದ್ದಾಳೆ ಸುಮಲತಾ ಸಿಸ್ಟರು, ನಿನ್ನೆಯಿಂದ ಅದು ತೂಕಡಿಸಿದ್ದೇ ಹೆಚ್ಚು, ತೂಕ ಇಲ್ಲದಿದ್ದರೂ ತೂಕಡಿಕೆಗೇನು ಕಮ್ಮಿ ಇಲ್ಲ ಎಂದು ಗಾದೆಮ್ಮನೇ ಅಂದಿದ್ದಳು, ಯಾರೂ ನಗಲಿಲ್ಲ, ಸಿಸ್ಟರು ಕೂಡ, ಕೂಸಿನ ಅಂಗಾಲಿಗೆ ಬೆರಳಿನಿಂದ ತಟ್ಟಿ ತಟ್ಟಿ ಎಬ್ಬಿಸಿ ಮೊಲೆಗೆ ಹಿಡಿದಳು, ಎರಡು ಸಲ ಚೀಪಿತು, ಬಿಟ್ಟಿತು, ಮತ್ತೆ ಕಣ್ಣು ಮುಚ್ಚಿತು. ಸಂಜಿಮಟ ನೋಡೋಣ್ರಿ, ಕುಡದ್ರ ಇಲ್ಲೇ ಇಟ್ಕಂತೀವಿ, ಕುಡೀಲಿಲ್ಲಂದ್ರ ಬಳ್ಳಾರಿಗೆ ಕಳಸ್ತೀವಿ, ಅಲ್ಲಿ ಬೆಚ್ಚನ ಪೆಟ್ಟಿಗ್ಯಾಗ ಇಡ್ತಾರ. ಬಳ್ಳಾರಿಗೆ ಎಂದರೆ ದಾರಿ, ದಾರಿ ಎಂದರೆ ಗಾಡಿ, ಗಾಡಿಯೊಳಗೆ ಹೆಣ್ಣುಮಗಳು ಕಾಲು ಮಡಚಿ ಮಲಗಿರುವುದು — ಬೇಡ, ಆ ಕಡೆ ಹೋಗುವುದು ಬೇಡ, ಗಾದೆಮ್ಮ ತಲೆಯನ್ನು ಗೋಡೆಗೆ ಸ್ವಲ್ಪ ಕುಟ್ಟಿದಳು, ಫ್ಯಾನು ಕಟಕ್ ಕಟಕ್ ಎಂದು ತಿರುಗುತ್ತಿತ್ತು, ಅದರ ಸದ್ದು ಬರುತ್ತದೆ, ಅದು ಸುಲಭ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಬಿಟ್ಟರೆ ಆಯಿತು, ಕಟಕ್ ಅಲ್ಲ, ಟಕ್, ಒಣಗಿದ ರೊಟ್ಟಿ ಮುರಿದ ಹಾಗೆ, ಟಕ್.

ನಿನ್ನೆ ತಕ್ಕಡಿಯ ಮೇಲೆ ಇಟ್ಟಾಗ ಅವಳು ಪಕ್ಕದಲ್ಲೇ ಇದ್ದಳು, ತಕ್ಕಡಿ ಎಂದರೆ ಶೇಂಗಾ ಮಂಡಿಯ ತಕ್ಕಡಿ ಅಲ್ಲ, ಬಿಳೀ ತೊಟ್ಟಿಲಿನಂಥದು, ಕೆಂಪು ಅಂಕಿ ಉರಿಯುತ್ತವೆ, ಅಂಕಿಗಳು ಓಡಾಡಿ ಓಡಾಡಿ ನಿಂತವು, ಸುಮಲತಾ ಓದಿದಳು, ಒಂದು ಕೆಜಿ ಒಂಬೈನೂರು, ಮತ್ತೊಮ್ಮೆ ಎತ್ತಿ ಇಟ್ಟಳು, ಅಷ್ಟೇ, ಆಗ ಗಾದೆಮ್ಮನಿಗೆ ಆದದ್ದು ಏನು, ಇದನ್ನು ಯಾರಿಗೂ ಹೇಳುವಂತಿಲ್ಲ, ಆದದ್ದು ಖುಷಿ, ಕಣ್ಣಲ್ಲಿ ನೀರು ಬರುವಷ್ಟು ಖುಷಿ, ಒಂದು ಹೊಲಿಗೆ ಇಲ್ಲ, ಕೊಯ್ತ ಇಲ್ಲ, ಕೂಗಾಟ ಇಲ್ಲ, ಮಾವಿನ ವಾಟೆ ಜಾರಿದ ಹಾಗೆ ಜಾರಿ ಬಂತು ಕೂಸು, ಸೊಸೆ ಜೀವಂತ, ಎದ್ದು ಕೂತು ನೀರು ಕೇಳಿದಳು, ನೋಡ್ರವ್ವಾ ಹಗುರ ಹೆರಿಗಿ ಅಂದ್ರ ಇದು ಎಂದು ವಾರ್ಡಿಗೆಲ್ಲ ಸಕ್ಕರೆ ಹಂಚಿದವಳು ಅವಳೇ, ಪಕ್ಕದ ಮಂಚದ ಬಾಣಂತಿಯ ತಾಯಿ, ಕೊಟ್ಟೂರಿನ ಎರ್ರಮ್ಮ, ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡು ಕೂಸಿನ ಮುಖದ ಬಟ್ಟೆ ಸರಿಸಿ ನೋಡಿದಳು, ತನ್ನ ಮೊಮ್ಮಗನನ್ನು ಒಮ್ಮೆ ನೋಡಿದಳು, ಅವನು ಆಗಲೇ ಗೌಡನ ಹಾಗೆ ಕೆನ್ನೆ ಬಿಟ್ಟುಕೊಂಡು ಮಲಗಿದ್ದ, ಏನಕ್ಕಾ, ನಿನ್ನ ಮಗ ಕೊಟ್ಟೂರು ಮಂಡಕ್ಕಿ ಚೀಲದ ಗಾಡಿ ಹೊಡೀತಾನಂತಲ್ಲ, ಸೊಸಿಗೂ ಬರೇ ಮಂಡಕ್ಕಿನೇ ಹಾಕಿ ಸಾಕಿದ್ಯೇನು, ಊದಿದ್ರ ಹಾರಂಗ ಐತಲ್ಲ ಇದು. ಎಲ್ಲರೂ ನಕ್ಕರು, ಗಾದೆಮ್ಮನೂ ನಕ್ಕಳು, ಊದಿದಂತೆ ಮಾಡಿ ಕೈಯನ್ನು ಮೇಲಕ್ಕೆ ಹಾರಿಸಿ ತೋರಿಸಿದಳು, ದುರ್ಗಾ ಮಾತ್ರ ಕೂಸಿನ ಬಟ್ಟೆಯನ್ನು ಮೆಲ್ಲಗೆ ಮತ್ತೆ ಮುಖದ ಮೇಲೆ ಎಳೆದಳು.

ಅದಾದ ಮೇಲೆ ಡಾಕ್ಟರಮ್ಮ ಬಂದದ್ದು. ಮೈಸೂರು ಕಡೆಯವರು, ಮಾತಿಗೆ ಮೊದಲೊಂದು ಕೊನೆಗೊಂದು ಅಮ್ಮ ಹಾಕುತ್ತಾರೆ, ಅಮ್ಮ ನೋಡಿ ಅಮ್ಮ, ದಿನ ತುಂಬಿದೆ, ಮಗು ತುಂಬಿಲ್ಲ, ದಿನಕ್ಕೆ ಮುಂಚೆ ಹುಟ್ಟಿದ್ದಿದ್ದರೆ ಅದು ಬೇರೆ, ಇದು ಒಂಬತ್ತು ತಿಂಗಳೂ ಹೊಟ್ಟೆಯಲ್ಲೇ ಇತ್ತು, ಆದರೂ ಬೆಳೆದಿಲ್ಲ, ಯಾಕೆ — ಯಾಕೆ ಎಂದು ಕೇಳಿ ದುರ್ಗಾಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಒಳಗೆ ಕೆಂಪಿರಬೇಕಾದ ಕಡೆ ಮಜ್ಜಿಗೆಯ ಬಣ್ಣ, ವಯಸ್ಸೆಷ್ಟಮ್ಮ, ಹತ್ತೊಂಬತ್ತು, ಎತ್ತರ ನೋಡಿ ಬರೆದಿದ್ದೀರಾ ಸಿಸ್ಟರ್, ಗಿಡ್ಡ ಇದ್ದಾಳೆ, ಮಾತ್ರೆ ನುಂಗಿದೆಯೇನಮ್ಮ, ಸ್ವಲ್ಪ ನುಂಗಿದೆ ರೀ, ತಂಬಾಕು ಗಿಂಬಾಕು ಏನಾದರೂ ಹಲ್ಲಿಗೆ ತಿಕ್ಕುತ್ತೀಯಾ, ದುರ್ಗಾ ಸೆರಗಿನಿಂದ ಬಾಯಿ ಒರೆಸಿಕೊಂಡಳು, ಕಟ್ಟಿಗೆ ಒಲೆಯೋ ಗ್ಯಾಸೋ, ಎರಡೂ ಐತೆ ರೀ, ಹೊಲಕ್ಕೆ ಎಲ್ಲಿಯವರೆಗೆ ಹೋದೆ, ಶೇಂಗಾ ಬಿಡಿಸೋತನಕ ಹೋಗಿದ್ದೆ ರೀ, ಅಲ್ಲಿಯವರೆಗೂ ಗಾದೆಮ್ಮ ಡಾಕ್ಟರಮ್ಮನ ಅಮ್ಮ ಅಮ್ಮಗಳನ್ನು ಒಳಗೇ ನಾಲಿಗೆಯ ಮೇಲೆ ಹೊರಳಿಸಿಕೊಳ್ಳುತ್ತಿದ್ದಳು, ಊರಿಗೆ ಹೋಗಿ ಕಟ್ಟೆಯ ಮೇಲೆ ಕೂತು ಇದನ್ನು ಮಾಡಿ ತೋರಿಸಿದರೆ ಜನ ಹೊಟ್ಟೆ ಹಿಡಿದುಕೊಂಡು ಬೀಳುತ್ತಾರೆ ಎಂದು, ಅಷ್ಟರಲ್ಲಿ ಮುಂದಿನ ಪ್ರಶ್ನೆ ಬಂತು, ಹೊಟ್ಟೆ ತುಂಬ ಊಟ ಮಾಡುತ್ತಿದ್ದೆ ತಾನೇ ಅಮ್ಮ — ನಾಲಿಗೆ ನಿಂತುಹೋಯಿತು, ದುರ್ಗಾ ಅತ್ತೆಯ ಕಡೆ ನೋಡಲೂ ಇಲ್ಲ, ಸೀಲಿಂಗಿನ ಕಡೆ ನೋಡುತ್ತ ಹೇಳಿದಳು, ಹ್ಞೂಂ ರೀ, ನಮ್ಮತ್ತೆ ಹೊಟ್ಟೆ ತುಂಬ ಉಣಿಸ್ಯಾರೆ. ಬಾಗಳಿಯ ಹುಡುಗಿ, ಮದುವೆಯಾಗಿ ಎರಡು ವರ್ಷವಾದರೂ ಹೊಟ್ಟಿ ಎನ್ನುವುದಿಲ್ಲ, ಹೊಟ್ಟೆ ಎನ್ನುತ್ತಾಳೆ, ಮನಿ ಎನ್ನುವುದಿಲ್ಲ, ಮನೆ, ಅದನ್ನು ಅನುಕರಿಸಿ ಗಾದೆಮ್ಮ ಎಷ್ಟು ಸಲ ಕಾಡಿಸಿಲ್ಲ. ಉಣಿಸ್ಯಾರೆ. ಆ ಒಂದು ಮಾತು ನಿನ್ನೆಯಿಂದ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿದೆ, ಕೆಮ್ಮಿದರೆ ಹೋಗುವುದಿಲ್ಲ, ನುಂಗಿದರೆ ಚುಚ್ಚುತ್ತದೆ, ಯಾಕೆ ಹಾಗೆ ಹೇಳಿದಳು, ನನ್ನ ಮಾನ ಉಳಿಸಲು ಹೇಳಿದಳೋ, ಹೆದರಿ ಹೇಳಿದಳೋ, ಅಥವಾ — ಇದು ಎಲ್ಲಕ್ಕಿಂತ ಕೆಟ್ಟದ್ದು — ಅದು ನಿಜವೆಂದೇ ನಂಬಿ ಹೇಳಿದಳೋ, ಅಷ್ಟೇ ಊಟವೇ ಹೊಟ್ಟೆ ತುಂಬ ಎಂದು ಅವಳ ಹೊಟ್ಟೆ ಕಲಿತುಬಿಟ್ಟಿದೆಯೋ.

ಉಣಿಸಿದೆನಲ್ಲ, ಪ್ರೀತಿಯಿಂದಲೇ ಉಣಿಸಿದೆ, ತಾಯಿ ಇಲ್ಲದ ಹುಡುಗಿ, ಬಾಗಳಿಯಲ್ಲಿ ಅಜ್ಜಿಯ ಕೈಯಲ್ಲಿ ಬೆಳೆದದ್ದು, ಮೊದಲ ಹೆರಿಗೆಗೆ ತವರಿಗೆ ಕಳಿಸಿ ಎಂದು ಆ ಅಜ್ಜಿ ಬಂದಾಗ ಕಣ್ಣು ಕಾಣದ ಮುದುಕಿ ನೀನು ಯಾರನ್ನು ನೋಡಿಕೊಳ್ಳುತ್ತೀ, ಇಲ್ಲೇ ಇರ್ಲಿ, ನಾನ ತಾಯಿ ನಾನ ಅತ್ತಿ ಎಂದವಳು ಗಾದೆಮ್ಮ, ತಲೆಗೆ ಎಣ್ಣೆ ಹಚ್ಚಿದವಳು ಗಾದೆಮ್ಮ, ಕಾಲು ಊದಿದಾಗ ಒತ್ತಿದವಳು ಗಾದೆಮ್ಮ, ದುರ್ಗಾ ಊಟಕ್ಕೆ ಕೂತಾಗ ಎದುರಿಗೆ ಕೂತು ರೊಟ್ಟಿಯನ್ನು ಬುಟ್ಟಿಯಿಂದ ತೆಗೆದು, ಎರಡೂ ಕೈಯ ಹೆಬ್ಬೆರಳು ನಡುವೆ ಇಟ್ಟು, ಟಕ್ ಎಂದು ಮುರಿದು, ಅರ್ಧ ತಟ್ಟೆಗೆ ಅರ್ಧ ಬುಟ್ಟಿಗೆ ಹಾಕಿ, ಬಟ್ಟೆ ಮುಚ್ಚಿ, ಸಾಕು ಬಿಡು, ಹೊಟ್ಟಿ ಹಗುರ ಇರ್ಲಿ ಎಂದವಳೂ ಗಾದೆಮ್ಮ. ಮೂರು ತಿಂಗಳು ತುಂಬಿದ ದಿನದಿಂದ, ಎರಡೂ ಹೊತ್ತು. ಕೂಸು ಸಣ್ಣದಿರಬೇಕು, ಸಣ್ಣದಿದ್ದರೆ ಜಾರುತ್ತದೆ, ದಪ್ಪಗಾದರೆ ಸಿಕ್ಕಿಕೊಳ್ಳುತ್ತದೆ, ಹುಡುಗಿ ನೋಡಿದರೆ ಇಷ್ಟೇ ಎತ್ತರ, ಸೊಂಟ ನೋಡಿದರೆ ಹಿಡಿಯಷ್ಟು, ಹೊರಗೆ ಬಂದ ಮೇಲೆ ಎಷ್ಟಾದರೂ ದಪ್ಪ ಮಾಡಿಕೊಳ್ಳಬಹುದು, ಹಾಲಿದೆ, ರಾಗಿ ಇದೆ, ಬೆಳೆಸಲು ಜೀವಮಾನವೇ ಇದೆ, ಮೊದಲು ಇಬ್ಬರೂ ಜೀವದಿಂದ ಬೇರೆಯಾಗಲಿ — ತಪ್ಪೇ ಇದು, ಊರಿನ ಯಾವ ಮುದುಕಿಯನ್ನು ಕೇಳಿದರೂ ಇದನ್ನೇ ಹೇಳುತ್ತಾಳೆ. ಬಸುರಿಗೆ ಕುಬುಸ ಮಾಡಿದ ದಿನ ಕೇರಿಯ ಹೆಂಗಸರೆಲ್ಲ ಬುತ್ತಿ ತಂದರು, ಹೋಳಿಗೆ, ಕರ್ಚಿಕಾಯಿ, ಮೊಸರನ್ನ, ಬದನೆಕಾಯಿ ಎಣ್ಣೆಗಾಯಿ, ಹಸಿರು ಸೀರೆ ಉಟ್ಟ ದುರ್ಗಾಳ ಮುಂದೆ ಎಲೆ ತುಂಬ ಇಟ್ಟರು, ಅವಳು ಶೇಂಗಾ ಹೋಳಿಗೆಯ ಮೇಲೆ ಕೈ ಇಟ್ಟು ಅತ್ತೆಯ ಕಡೆ ನೋಡಿದಳು, ನೋಡಿದ್ದು ನೆನಪಿದೆ, ಕೇಳುವ ನೋಟ, ಗಾದೆಮ್ಮ ಕಣ್ಣಿನಲ್ಲೇ ಅರ್ಧ ಎಂದಳು, ಹುಡುಗಿ ಅರ್ಧ ಮುರಿದುಕೊಂಡಳು, ಉಳಿದ ಅರ್ಧ ಎಲೆಯ ಮೇಲೆ ಹಾಗೇ ಇತ್ತು, ಎಲ್ಲರೂ ಎಂಥ ಮರ್ಯಾದಸ್ಥ ಹುಡುಗಿ ಎಂದರು. ರಾತ್ರಿಯ ಗಡಿಗೆ ತೊಳೆಯಲು ಹೋದವಳು ಹಿತ್ತಲಲ್ಲಿ ಹಿಂದುಮುಂದು ನೋಡಿ ತಳ ಹಿಡಿದ ಸೀಕಲನ್ನು ಉಗುರಿನಿಂದ ಕೆರೆದು ತಿನ್ನುತ್ತಿದ್ದುದನ್ನೂ ಗಾದೆಮ್ಮ ಕಂಡಿದ್ದಾಳೆ, ಕಂಡು ಏನು ಮಾಡಿದಳು, ಅಂಜಿನಿಯ ಮುಂದೆ ಇಲಿಯ ಹಾಗೆ ಮೂತಿ ಮಾಡಿ ಕರ್ ಕರ್ ಎಂದು ಕೆರೆದು ತೋರಿಸಿದಳು, ಅಂಜಿನಿ ನಕ್ಕ, ದುರ್ಗಾ ಕೂಡ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು, ನಕ್ಕಳಲ್ಲ, ನಗದಿದ್ದರೆ ಆಗಲೇ ತಿಳಿಯುತ್ತಿತ್ತೋ ಏನೋ.

ನಗಿಸಿ ನಗಿಸಿಯೇ ಕೆಟ್ಟದ್ದು. ಆಶಾ ಕಾರ್ಯಕರ್ತೆ ಮಾಳಮ್ಮ ಬಿಸಿಲಲ್ಲಿ ಛತ್ರಿ ಹಿಡಿದುಕೊಂಡು ಬರುತ್ತಿದ್ದಳು, ಬಡಪಾಯಿ, ನಾಲ್ಕು ಜನರ ಮುಂದೆ ಮಾತನಾಡಬೇಕೆಂದರೆ ತೊದಲುತ್ತಾಳೆ, ಗಾದೆವ್ವಾ, ನಿನ್ನ ಸೊಸಿಗೆ ಎಚ್.ಬಿ. ಏಳು ಐತಿ, ಭಾಳ ಕಮ್ಮಿ, ಎಚ್.ಬಿ. ಅಂದ್ರ ರಕ್ತ — ಎನ್ನುವಷ್ಟರಲ್ಲಿ ಗಾದೆಮ್ಮ ಕಟ್ಟೆಯಿಂದ ಎದ್ದು ಒಂದು ಕೈ ಬಸ್ಸಿನ ಬಾಗಿಲಿಗೆ ಹಿಡಿದಂತೆ ಹಿಡಿದು ಕಂಡಕ್ಟರನ ಗೊಗ್ಗರು ದನಿಯಲ್ಲಿ, ಎಚ್.ಬಿ. ಏಳಕ್ಕೇನು, ಎಚ್.ಬಿ. ಹಳ್ಳಿ ಏಳಕ್ಕ ಹೊಂಡ್ತೈತಿ ಹತ್ರಿ ಹತ್ರಿ, ಎಚ್.ಬಿ. ಹಳ್ಳಿ, ಹಡಗಲಿ, ಹರಪನಳ್ಳಿ, ಹಿಂದಕ ಸರೀರಿ, ಬಸುರಿ ಹೆಂಗ್ಸಿಗೆ ಸೀಟ್ ಬಿಡ್ರಲೇ, ರೈಟ್ ರೈಟ್! ಕಟ್ಟೆಯ ಹೆಂಗಸರು ಬಿದ್ದು ಬಿದ್ದು ನಕ್ಕರು, ಮಾಳಮ್ಮನೂ ಸೋತು ನಕ್ಕಳು, ಆ ನಗುವಿನಲ್ಲಿ ರಕ್ತದ ಮಾತು ಯಾವ ಸ್ಟಾಪಿನಲ್ಲಿ ಇಳಿದುಹೋಯಿತೋ ಯಾರೂ ನೋಡಲಿಲ್ಲ. ಮಾತ್ರೆ ಕೊಟ್ಟು ಇದು ಕಬ್ಬಿಣದ್ದು ದಿನಾ ನುಂಗವ್ವ ಎಂದಳು, ಕಬ್ಬಿಣ ನುಂಗಿದ್ರ ಕೂಸು ಕುಡಗೋಲು ಹಿಡ್ಕಂಡೇ ಹುಟ್ತೈತಿ, ಹುಟ್ಟಿದ ದಿನಾನೇ ಕೂಲಿಗೆ ಕಳಸಬಹುದು ಬಿಡು ಎಂದಳು ಗಾದೆಮ್ಮ, ಮತ್ತೆ ನಗು, ದುರ್ಗಾ ಕೆಲವು ದಿನ ನುಂಗಿದಳು, ಹೊಟ್ಟೆ ತೊಳಸುತ್ತದೆ ಎಂದಳು, ಮಾತ್ರೆ ಕೂಸನ್ನು ದಪ್ಪ ಮಾಡುತ್ತದೆ ಎಂದು ಯಾರೋ ಅಂದಿದ್ದರು, ಉಳಿದದ್ದೆಲ್ಲ ಹಿತ್ತಲಿನ ನುಗ್ಗೆಯ ಬುಡಕ್ಕೆ ಹೋಯಿತು, ಈ ವರ್ಷ ನುಗ್ಗೆ ಏನು ಕಾಯಿ ಬಿಟ್ಟಿತ್ತು, ಕೊಂಬೆ ಬಾಗಿ ನೆಲ ಮುಟ್ಟುವಷ್ಟು. ವಾಂತಿ ಹೆಚ್ಚಾದಾಗ ತನ್ನ ಸೊಂಟದ ಚೀಲದಿಂದ ತಂಬಾಕಿನ ಕಡ್ಡಿಪುಡಿ ತೆಗೆದು, ಹಲ್ಲಿಗೆ ಒಂಚೂರು ತಿಕ್ಕಿ ಉಗುಳವ್ವ, ವಾಂತೀನೂ ನಿಲ್ತೈತಿ, ಹಸಿವೂ ಸುಮ್ನಾಗ್ತೈತಿ ಎಂದು ಕೊಟ್ಟದ್ದೂ ಇದೇ ಕೈ, ಈ ಬೆರಳಿನ ತುದಿ ಇನ್ನೂ ಕಂದಾಗಿಯೇ ಇದೆ, ಹಸಿವು ಸುಮ್ಮನಾಯಿತು, ಹೊಟ್ಟೆಯೊಳಗಿನ ಇನ್ನೊಂದು ಹಸಿವೂ ಸುಮ್ಮನಾಯಿತೇ, ಅದಕ್ಕೆ ಯಾರು ಕೇಳಿದರು, ಅದರ ದನಿಯನ್ನು ಅನುಕರಿಸಲು ಯಾರಿಗೆ ಬರುತ್ತಿತ್ತು.

ಆದರೆ ಶಿವಮ್ಮ. ಅದನ್ನು ಯಾರಾದರೂ ಕೇಳುತ್ತಾರೆಯೇ, ಡಾಕ್ಟರಮ್ಮ ಕೇಳುತ್ತಾರೆಯೇ, ಅಮ್ಮ ನಿನಗೊಬ್ಬಳು ಮಗಳಿದ್ದಳಲ್ಲ ಅಮ್ಮ ಎಂದು — ಎಚ್.ಬಿ. ಹಳ್ಳಿ ಕಡೆಗೆ ಕೊಟ್ಟಿದ್ದ ಮಗಳು, ಅಂಜಿನಿಗಿಂತ ದೊಡ್ಡವಳು, ಆರನೇ ತಿಂಗಳಲ್ಲಿ ಅದೇ ಏಳರ ಬಸ್ಸಿನಲ್ಲಿ ಕರೆದುಕೊಂಡು ಬಂದಿದ್ದೆ, ಉಣಿಸಿದೆನಲ್ಲ ಅವಳಿಗೆ, ಅರ್ಧ ಗಿರ್ಧ ಎಂಬ ಮಾತೇ ಇಲ್ಲ, ರೊಟ್ಟಿಯ ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ಬೆಲ್ಲ, ವಾರಕ್ಕೊಂದು ಕೋಳಿ, ಯಪ್ಪಾ ಸಾಕು ಬೇ ಯವ್ವಾ ಎಂದು ಓಡಿದರೂ ಬೆನ್ನು ಹತ್ತಿ ತುತ್ತು ಇಟ್ಟೆ, ಗುಂಡಗೆ ಹೊಳೆಯುತ್ತಿದ್ದಳು, ನೀರು ಕುಡಿದೇ ಕುಡಿಯುತ್ತಿದ್ದಳು, ಕೊಡಗಟ್ಟಲೆ, ನೋವು ಶುರುವಾಗಿ ಒಂದು ಹಗಲು ಒಂದು ರಾತ್ರಿ ಕಳೆದರೂ ಕೂಸು ಇಳಿಯಲಿಲ್ಲ, ಸೂಲಗಿತ್ತಿ ಪಕ್ಕೀರಮ್ಮ ಬೆವರು ಒರೆಸಿಕೊಂಡು ಹೊರಗೆ ಬಂದು ಹೇಳಿದ್ದು ಇನ್ನೂ ಹಾಗೆಯೇ ಇದೆ ಕಿವಿಯಲ್ಲಿ, ಏನ್ ತಿನಿಸಿದ್ಯೇ ಗಾದಿ, ಕೂಸು ಕುಂಬಳಕಾಯಿ ಆಗೇತಿ, ಬಾಗ್ಲಾಗ ಸಿಕ್ಕಂಡೈತಿ. ಆಮೇಲೆ ಗಾಡಿ, ಗಾಡಿಯಲ್ಲಿ ಕಾಲು ಮಡಚಿ ಮಲಗಿದ ಮಗಳು, ಆಸ್ಪತ್ರೆಯ ದೀಪ ಕಾಣುವ ಮೊದಲೇ ಕೈ ತಣ್ಣಗಾದದ್ದು, ನೀಲಿ ಬಣ್ಣದ ದೊಡ್ಡ ಗಂಡುಕೂಸು, ಕೆನ್ನೆ ಬಿಟ್ಟುಕೊಂಡದ್ದು, ಎರ್ರಮ್ಮನ ಮೊಮ್ಮಗನ ಹಾಗೆಯೇ, ಮಣ್ಣು ಮಾಡುವಾಗ ಬೀಗತಿ ಎದೆ ಬಡಿದುಕೊಂಡು ಕೂಗಿದ್ದು, ತಿನಿಸಿ ತಿನಿಸಿ ಕೊಂದ್ಯಲ್ಲೇ ಮಗಳನ್ನ. ಪಕ್ಕೀರಮ್ಮನ ದನಿ ಗಾದೆಮ್ಮನಿಗೆ ಬರುತ್ತದೆ, ಬೀಗತಿಯ ದನಿ ಬರುತ್ತದೆ, ಅವೆರಡನ್ನು ಅವಳು ಯಾರ ಮುಂದೆಯೂ ಮಾಡಿ ತೋರಿಸಿಲ್ಲ, ಅವು ಅವಳು ಮಾಡದೆಯೇ ಒಳಗೆ ತಾವೇ ಮಾತನಾಡುತ್ತವೆ, ಬುಟ್ಟಿಯ ಬಟ್ಟೆ ತೆರೆದಾಗಲೆಲ್ಲ ಮಾತನಾಡುತ್ತವೆ, ತಿನಿಸಿ ತಿನಿಸಿ, ಆಗ ಹೆಬ್ಬೆರಳು ರೊಟ್ಟಿಯ ನಡುವೆ ಹೋಗುತ್ತದೆ, ಟಕ್.

ಯಮ್ಮಾ, ನಿದ್ದಿ ಬಂತೇನು, ಎಂದಳು ಯಾರೋ, ಸುಮಲತಾ, ಬಿಳೀ ಬೂಟು ಮಂಚದ ಪಕ್ಕ ನಿಂತಿದ್ದವು, ಕೂಸನ್ನು ಬಿಚ್ಚಿ ಅಂಗಾಲು ತಟ್ಟಿ ಮತ್ತೆ ಮೊಲೆಗೆ ಹಿಡಿಯುತ್ತಿದ್ದಳು, ಬಾ ನನ ಬಂಗಾರಿ, ಬಾಯಿ ತಗಿ, ಹ್ಞಾಂ ಹಂಗ — ಗಾದೆಮ್ಮ ಎದ್ದು ಮಂಚದ ಕಂಬಿ ಹಿಡಿದು ನಿಂತಳು, ಕೇಳಬೇಕು, ಈಗ ಕೇಳದಿದ್ದರೆ ಇಲ್ಲ, ಆದರೆ ತನ್ನ ಬಾಯಿಯಿಂದ ಕೇಳಲು ಆಗುವುದಿಲ್ಲ, ಹಾಗಾಗಿ ಪಕ್ಕೀರಮ್ಮನ ಬಾಯಿ ಬಿಟ್ಟಳು, ಮೊದಲ ಸಲ, ಬೊಚ್ಚುಬಾಯಿಯ ಮುದುಕಿಯ ದನಿ ತೆಗೆದು, ತಲೆ ಅಲ್ಲಾಡಿಸುತ್ತ, ಏ ಸಿಸ್ಟರವ್ವಾ, ಬಸುರಿಗೆ ಜಾಸ್ತಿ ತಿನಿಸಿದ್ರ ಕೂಸು ಕುಂಬಳಕಾಯಿ ಆಗಿ ಬಾಗ್ಲಾಗ ಸಿಕ್ಕಂತೈತಂತ, ಹೌದೇನಬೇ? ಎರ್ರಮ್ಮ ಕಿಸಕ್ಕನೆ ನಕ್ಕಳು, ಸುಮಲತಾಳೂ ನಕ್ಕಳು, ಎಷ್ಟು ಚಂದ ಮಾಡ್ತೀಯಬೇ ಯಮ್ಮ, ಯಾರ್ ಹೇಳಿದ್ದು ಇದನ್ನ, ಉಂಡಿದ್ದಕ್ಕ ಹೆರಿಗ್ಯಾಗ ಯಾರೂ ಸಾಯಂಗಿಲ್ಲ. ಗಾದೆಮ್ಮ ಬಿಡಲಿಲ್ಲ, ಮುದುಕಿಯ ದನಿಯಲ್ಲೇ ಎಂದಳು, ನಮ್ಮೂರಾಗ ಒಬ್ಬಾಕಿ ಹಂಗ ಸತ್ಲಲ್ಲ, ದಪ್ಪ ಕೂಸು, ನೀರು ಕುಡದಿದ್ದೇ ಕುಡದಿದ್ದು — ನೀರಾ, ಎಂದು ಸುಮಲತಾ ತಲೆ ಎತ್ತಿದಳು, ನಗು ಹೋಗಿತ್ತು, ಹಂಗಿದ್ರ ಆಕಿಗೆ ಸಕ್ರಿ ಕಾಯ್ಲಿ ಇತ್ತೇನೋ, ಬಸುರಾಗಿದ್ದಾಗ ಕೆಲವ್ರಿಗೆ ಬರ್ತೈತಿ, ಕೂಸು ದಪ್ಪ ಆಗ್ತೈತಿ, ಕೂಸು ಅಡ್ಡ ತಿರಿಗಿತ್ತೋ ಏನೋ, ನೋಡಿದಾಕಿ ನಾನಲ್ಲ, ಹೆಂಗ ಹೇಳ್ಲಿ, ಆದ್ರ ಹೊತ್ತಿಗೆ ಸರಿ ದವಾಖಾನಿಗೆ ಬಂದಿದ್ರ ಕೊಯ್ದು ತೆಗೀತಿದ್ರು, ಉಳೀತಿದ್ಲು, ಅದಕ್ಕ ಊಟ ಕಮ್ಮಿ ಮಾಡೋದು ಔಷಧ ಅಲ್ಲಬೇ, ಊಟ ಕಮ್ಮಿ, ರಕ್ತ ಕಮ್ಮಿ, ಮ್ಯಾಲೆ ದುಡಿತ, ಮ್ಯಾಲೆ ತಂಬಾಕು, ಎಲ್ಲಾ ಕೂಡಿದ್ರ ಏನಾಗ್ತೈತಿ — ಎಂದು ಬೆರಳು ತೋರಿಸಿದಳು, ದುರ್ಗಾಳ ಎದೆಯ ಮೇಲಿನ ಟೋಪಿಯ ಕಡೆ. ಎರಡು ಗುಂಡಿಗೆ ಇದ್ದಿದ್ದರೆ ಒಂದು ಏಳುತ್ತಿತ್ತು ಒಂದು ಬೀಳುತ್ತಿತ್ತು, ಗಾದೆಮ್ಮನಿಗೆ ಇದ್ದದ್ದು ಒಂದೇ, ಅದು ಒಂದೇ ಉಸಿರಿನಲ್ಲಿ ಎದ್ದು ಬಿತ್ತು — ನಾನು ಕೊಲ್ಲಲಿಲ್ಲ, ಬೆಣ್ಣೆ ಕೊಲ್ಲಲಿಲ್ಲ, ಬೆಲ್ಲ ಕೊಲ್ಲಲಿಲ್ಲ, ಯವ್ವಾ ಶಿವೀ, ನಿನ್ನನ್ನು ಉಣಿಸಿ ಕೊಲ್ಲಲಿಲ್ಲವಂತೆ ನಾನು, ಇಷ್ಟು ವರ್ಷದ ಮೇಲೆ ಎದೆಯ ಮೇಲಿನ ಬೀಸುಕಲ್ಲು ಎತ್ತಿದ ಹಾಗಾಗಿ ಕೂಗಿಕೊಳ್ಳಬೇಕು ಎನ್ನುವಷ್ಟರಲ್ಲಿ ಅದೇ ಕಲ್ಲು ಇನ್ನೊಂದು ಕಡೆಯಿಂದ ಬಂದು ಕೂತಿತು, ಹಾಗಿದ್ದರೆ ಇದು, ಈ ನಿಂಬೆಹಣ್ಣು, ಇದು ಯಾರ ಕೆಲಸ, ಇಲ್ಲದ ಕಳ್ಳನಿಗೆ ಹೆದರಿ ಇದ್ದ ಮಗುವನ್ನು ಬಾಗಿಲ ಸಂದಿಯಲ್ಲಿ ಒತ್ತಿಹಾಕಿದವರು ಯಾರು, ಮುದುಕಿಯ ದನಿ ಗಂಟಲಲ್ಲೇ ಇತ್ತು, ಅದನ್ನು ತೆಗೆದುಹಾಕಲು ಮರೆತು ಹಾಗೇ ನಿಂತಿದ್ದಳು, ತಲೆ ಇನ್ನೂ ಅಲ್ಲಾಡುತ್ತಿತ್ತು.

ಕುಡೀತು, ಕುಡೀತು, ನಾಕು ಗುಟುಕು ಕುಡೀತು, ಎಂದಳು ಸುಮಲತಾ, ಮತ್ತ ಬಿಟ್ಟೈತಿ, ಶಕ್ತಿ ಸಾಲದು ಅದಕ್ಕ, ಇರ್ಲಿ, ತಾಯಿಗೆ ಮೊದ್ಲು ಉಣ್ಣಾಕ ಕೊಡ್ರಿ, ಹೊಟ್ಟಿ ತುಂಬ, ಬಾಣಂತಿ ಅಂತ ನೀರು ಬಂದ್ ಮಾಡೋದು, ಊಟ ಬಂದ್ ಮಾಡೋದು ಏನೂ ಬ್ಯಾಡ, ಆಕಿ ಉಂಡ್ರ ಹಾಲು, ಹಾಲಿದ್ರ ಕೂಸು, ತಿಳೀತಾ, ನಾನು ಮತ್ತ ಬಂದು ನೋಡ್ತೀನಿ — ಬೂಟು ಸರಸರ ಹೋದವು. ಉಣ್ಣಾಕ ಕೊಡ್ರಿ. ಗಾದೆಮ್ಮ ಬಗ್ಗಿ ಮಂಚದ ಕೆಳಗಿನ ಗಂಟು ಎಳೆದಳು, ಮಂಚದ ಅಂಚಿಗಿಟ್ಟು ಬಿಚ್ಚಿದಳು, ಅಕ್ಕಪಕ್ಕದ ಮನೆಯವರು ಯಾರೋ ಅಂಜಿನಿಗೆ ಬಡಿದುಕೊಟ್ಟ ಜೋಳದ ರೊಟ್ಟಿ, ತೆಳ್ಳಗೆ, ಒಣಗಿ ಗರಿಗರಿಯಾಗಿ, ಹುಣ್ಣಿಮೆಯ ಹಾಗೆ ಗುಂಡಗೆ, ಒಂದರ ಮೇಲೊಂದು, ಡಬ್ಬಿಯಲ್ಲಿ ಪುಂಡಿಪಲ್ಲೆ, ಶೇಂಗಾ ಚಟ್ನಿ, ವಾಸನೆಗೆ ತನ್ನ ಹೊಟ್ಟೆಯೇ ಗುರ್ ಎಂದಿತು, ಹೆಬ್ಬೆರಳುಗಳು ಆಗಲೇ ಬಂದು ರೊಟ್ಟಿಯ ನಡುವೆ ಕೂತಿದ್ದವು, ಅವು ಯಾವಾಗ ಬಂದವು, ಯಾರು ಕರೆದರು ಅವನ್ನು, ಗಾದೆಮ್ಮ ಅವನ್ನು ನೋಡಿದಳು, ಕಂದು ಬಣ್ಣದ ಎರಡು ಹೆಬ್ಬೆರಳು, ಅವನ್ನು ಒಂದೊಂದಾಗಿ ಎತ್ತಿದಳು, ಜಿಗಣೆ ಕೀಳುವ ಹಾಗೆ, ಇಡೀ ರೊಟ್ಟಿಯನ್ನು, ಮುರಿಯದ್ದನ್ನು, ಎರಡೂ ಅಂಗೈಯ ಮೇಲೆ ಇಟ್ಟುಕೊಂಡು ಡಬ್ಬಿಯ ಮುಚ್ಚಳದ ಮೇಲೆ ಇಳಿಸಿದಳು, ಅದರ ಮೇಲೆ ಪಲ್ಲೆ, ಪಕ್ಕಕ್ಕೆ ಚಟ್ನಿ, ದುರ್ಗಾಳ ತೊಡೆಯ ಮೇಲೆ ಇಟ್ಟಳು, ಇನ್ನೊಂದು ರೊಟ್ಟಿ ತೆಗೆದು ಕೈಯಲ್ಲಿ ಹಿಡಿದು ಕಾದಳು, ಇದು ಮುಗಿದ ಕೂಡಲೇ ಅದು, ಅದು ಮುಗಿದ ಕೂಡಲೇ ಇನ್ನೊಂದು, ಬೆನ್ನು ಹತ್ತಿ ಉಣಿಸುತ್ತೇನೆ, ಸಾಕು ಅತ್ತೆ ಎಂದರೂ ಬಿಡುವುದಿಲ್ಲ, ಸಂಜೆಯೊಳಗೆ ಹಾಲು ಬರಬೇಕು, ಬಳ್ಳಾರಿ ಬೇಡ, ಆ ದಾರಿ ಬೇಡ, ಉಣ್ಣವ್ವ.

ದುರ್ಗಾ ಒಂದು ಕೈಯಿಂದ ಕೂಸನ್ನು ಎದೆಗೆ ಒತ್ತಿಕೊಂಡು ಇನ್ನೊಂದು ಕೈಯಿಂದ ಪಲ್ಲೆಯನ್ನು ಪಕ್ಕಕ್ಕೆ ಸರಿಸಿದಳು, ರೊಟ್ಟಿಯನ್ನು ಮುಚ್ಚಳದ ಅಂಚಿಗೆ ತಂದಳು, ನಡುವೆ ಹೆಬ್ಬೆರಳು ಇಟ್ಟಳು, ಒತ್ತಿದಳು, ಟಕ್ — ಒಂದೇ ಕೈಯಲ್ಲಿ, ಎಷ್ಟು ಸರಿಯಾಗಿ, ಒಂದು ಚೂರೂ ಉದುರದೆ ಎರಡು ಹೋಳು, ಒಂದನ್ನು ಇಟ್ಟುಕೊಂಡಳು, ಇನ್ನೊಂದನ್ನು ಮಂಚದ ಅಂಚಿನ ಗಂಟಿಗೆ ಹಾಕಿ ಬಟ್ಟೆಯ ತುದಿಯನ್ನು ಮೇಲೆ ಎಳೆದಳು, ಸಾಕು ಬಿಡು, ಹೊಟ್ಟಿ ಹಗುರ ಇರ್ಲಿ. ಅಂದದ್ದು ಅವಳೇ, ದುರ್ಗಾ, ಆದರೆ ದನಿ ಅವಳದಲ್ಲ, ಹೊಟ್ಟಿ ಎಂದಳು, ಬಿಡು ಎನ್ನುವಲ್ಲಿ ಇಳಿಯುವ ಆ ಇಳಿತ, ಇರ್ಲಿ ಎನ್ನುವಲ್ಲಿ ಬರುವ ಆ ಸಣ್ಣ ಪ್ರೀತಿ, ಅದು ಗಾದೆಮ್ಮನ ದನಿ, ತಾಳ ತಪ್ಪದೆ, ಉಸಿರು ತಪ್ಪದೆ, ಯಾರನ್ನೂ ಅಣಕಿಸುತ್ತಿರಲಿಲ್ಲ ಹುಡುಗಿ, ನಗುತ್ತಿರಲಿಲ್ಲ, ಯಾರ ಮಾತು ಆಡಿದೆ ಎಂಬುದೂ ಅವಳಿಗೆ ಗೊತ್ತಿರಲಿಲ್ಲ, ಅರ್ಧ ರೊಟ್ಟಿಯ ತುದಿಗೆ ಚಟ್ನಿ ಹಚ್ಚಿ ಮೆಲ್ಲಗೆ, ತೀರಾ ಮೆಲ್ಲಗೆ, ಬಹಳ ಹೊತ್ತು ಬರಲಿ ಎನ್ನುವ ಹಾಗೆ ಅಗಿಯತೊಡಗಿದಳು. ಬೇಡ ಎನ್ನಬೇಕು, ತಿನ್ನು ಎನ್ನಬೇಕು, ಗಾದೆಮ್ಮ ಬಾಯಿ ತೆರೆದಳು, ಯಾವ ದನಿಯಲ್ಲಿ ಹೇಳುವುದು, ಡಾಕ್ಟರಮ್ಮನ ದನಿ ಬರಲಿಲ್ಲ, ಮಾಳಮ್ಮನದು ಬರಲಿಲ್ಲ, ಕಂಡಕ್ಟರನದು ಬರಲಿಲ್ಲ, ತನ್ನದಂತೂ ಈಗ ದುರ್ಗಾಳ ಬಾಯಿಯಲ್ಲಿತ್ತು, ಕೊನೆಗೆ ಬಂದದ್ದು ಬೆಳಿಗ್ಗೆಯಿಂದ ಬಾರದಿದ್ದ ಆ ಸದ್ದು, ಮಿಯಾಂವ್ ಅಲ್ಲದ್ದು, ಉಂಗಾ ಅಲ್ಲದ್ದು, ನೂಲಿನ ಹಾಗೆ ಹೊರಟು ಅರ್ಧಕ್ಕೆ ಕಡಿದುಹೋಗುವ ಸದ್ದು, ಎಷ್ಟು ಸರಿಯಾಗಿ ಬಂತೆಂದರೆ ದುರ್ಗಾ ಅಗಿಯುವುದನ್ನು ಬಿಟ್ಟು ಕೂಸಿನ ಕಡೆ ಬಗ್ಗಿ ನೋಡಿದಳು, ಕೂಸು ಅಳುತ್ತಿರಲಿಲ್ಲ, ತೂಕಡಿಸುತ್ತಿತ್ತು, ಗಂಟಿನ ಬಟ್ಟೆ ಪೂರ್ತಿ ಮುಚ್ಚಿರಲಿಲ್ಲ, ಸಂದಿಯಲ್ಲಿ ಕಾಣುತ್ತಿತ್ತು, ಮುರಿದ ಅಂಚು ಮೇಲಾಗಿ, ಫ್ಯಾನಿನ ಗಾಳಿಗೆ ಬಟ್ಟೆ ಏಳುತ್ತದೆ ಬೀಳುತ್ತದೆ, ಏಳುತ್ತದೆ, ಅರ್ಧ ರೊಟ್ಟಿ, ಬೀಳುತ್ತದೆ, ಏಳುತ್ತದೆ, ಅರ್ಧ ರೊಟ್ಟಿ